ಗೋಡಿ ಮ್ಯಾಲಿನ ಗಿಡ, ಅಂಗಳದಾಗಿನ ಗಿಡ

ಮನಿ ಮ್ಯಾಲ ಇನ್ನೊಂದು ಅಂತಸ್ತು ಏರಸ್ಲತ್ತೀವಿ. ಎರಡು ತಿಂಗಳಾತು, ಸಿಮೆಂಟಿನ ಧೂಳಿನಾಗೇ ಅಡಿಗಿ, ಧೂಳಿನಾಗೇ ಊಟ. ಅದಕ್ಕೇ ಇಷ್ಟು ದಿನ ಏನೂ ಬರೀಲಿಲ್ಲ. ಈ ಸರ್ತಿ ಅಡಿಗಿ ಬಗ್ಗೆ ಅಲ್ಲ, ಚಿತ್ರದ ಬಗ್ಗೆ ಬರೀತೀನಿ. ಪಿಯುಸಿ ಓದಿದ ಹೆಣ್ಮಗಳು ಚಿತ್ರಕಲಾ ಬಗ್ಗೆ ಏನು ಬರೀತಾಳ ಅಂತ ನಗಬ್ಯಾಡ್ರಿ. ಗೋಡಿ ನಮ್ಮದು, ಗೋಡಿ ಮ್ಯಾಲಿನ ಧೂಳ ಒರಸೋರು ನಾವು, ಅಲ್ಲಿ ಏನು ತೂಗ್ಯಾಡಬೇಕು ಅನ್ನೋದರಾಗ ನಮ್ಮದೊಂದು ಮಾತು ಇರಲಿ.

ಹೋದ ತಿಂಗಳು ಒಂದೇ ವಾರದಾಗ ಎರಡು ಸಂಗತಿ ಆದವು. ಸೊಸಿ ಆನ್‌ಲೈನಿನಾಗ ತರಿಸಿದ ಒಂದು ಚಿತ್ರ ಬಂತು. ಎರಡೂವರಿ ಫೂಟ್ ಅಗಲ, ಚೌಕಟ್ಟು ಸಮೇತ. ನೀಲಿ ಆಕಾಶ, ಅದರ ತುಂಬ ಒಂದು ಗಿಡದ ಟೊಂಗಿ, ಟೊಂಗಿ ತುಂಬ ಬಿಳಿ ಹೂವು. 'ಅತ್ತಿ, ಇದು ಬಾದಾಮಿ ಗಿಡದ ಹೂವು, ವ್ಯಾನ್ ಗೋ ಬರದದ್ದು, ಮ್ಯಾಲಿನ ಹಾಲಿಗೆ' ಅಂದಳು. ಅದೇ ವಾರ ಗೌಂಡಿ ಬಂದು, ಅಂಗಳದಾಗಿನ ಪ್ಯಾರಲ ಗಿಡ ತಗೀಬೇಕಾಗ್ತದ, ಇಲ್ಲಂದ್ರ ಕಾರ್ ಒಳಗ ಬರಂಗಿಲ್ಲ ಅಂದ. ಪ್ಯಾರಲ ಅಂದ್ರ ನಿಮ್ಮಾಗ ಕೆಲವರು ಜಾಮ ಅಂತೀರಿ, ಅದೇ.

ಚಿತ್ರ ಇನ್ನೂ ರಟ್ಟಿನ ಡಬ್ಬಿಯೊಳಗ ಅದ. ಗಿಡ ಇನ್ನೂ ಅಂಗಳದಾಗ ಅದ. ಎರಡರ ನಡುವ ನಾ ಓಡಾಡ್ಲತ್ತೀನಿ.

ಮೊದಲ ಆ ಚಿತ್ರದ ಕತಿ ಹೇಳ್ತೀನಿ. ಸೊಸಿ ಓದಿ ಹೇಳಿದಳು, ಆಮ್ಯಾಲ ನಾ ಭೀ ಮೊಬೈಲಿನಾಗ ಓದಿಕೊಂಡೆ. ವ್ಯಾನ್ ಗೋ ಹಾಲೆಂಡಿನವ. 1888ರ ಫೆಬ್ರುವರಿಯೊಳಗ ಪ್ಯಾರಿಸ್ ಬಿಟ್ಟು ಫ್ರಾನ್ಸಿನ ದಕ್ಷಿಣಕ್ಕ, ಆರ್ಲ್ ಅನ್ನೋ ಊರಿಗೆ ಹೋದ. ಥಂಡಿ ಮುಗದು ಅಲ್ಲಿ ಹಣ್ಣಿನ ತೋಟಗಳೆಲ್ಲ ಹೂ ಬಿಟ್ಟವು. ಪೀಚು, ಪ್ಲಮ್, ಪೇರು, ಬಾದಾಮಿ. ಹೂ ಉದುರೋದರೊಳಗ ಬರೀಬೇಕಂತ ಹಗಲೆಲ್ಲ ತೋಟದಾಗೇ ನಿಂತ. ಅಲ್ಲಿ ಜೋರು ಗಾಳಿ ಬೀಸ್ತದಂತ. ಚಿತ್ರದ ಹಲಿಗಿ ಹಾರಿ ಹೋಗಬಾರದಂತ ನೆಲಕ್ಕ ಗೂಟ ಹೊಡದು ಬರದ. ಆ ಒಂದು ವಸಂತದಾಗ ಸುಮಾರು 14 ತೋಟದ ಚಿತ್ರ ಬರದಾನ. ಮುಂದ ಅವಗ ತಲಿ ಬ್ಯಾನಿ ಬಂತು, ಸೇಂಟ್ ರೆಮಿ ಅನ್ನೋ ಊರಿನ ಮಾನಸಿಕ ರೋಗಿಗಳ ಆಸ್ಪತ್ರಿಯೊಳಗ ಇದ್ದ. ಅಲ್ಲಿದ್ದಾಗ 1890ರ ಜನವರಿ ಕಡೀಕ ತಮ್ಮ ಥಿಯೋಗ ಗಂಡಸು ಕೂಸು ಹುಟ್ಟಿದ ಸುದ್ದಿ ಬಂತು. ಕೂಸಿಗೆ ದೊಡ್ಡಪ್ಪನ ಹೆಸರೇ ಇಟ್ಟಿದ್ರು, ವಿನ್ಸೆಂಟ್ ಅಂತ. ಆ ಕೂಸಿನ ಸಲುವಾಗಿ, ಅವರು ಮಲಗೋ ಖೋಲಿಯೊಳಗ ಹಾಕ್ಲಿ ಅಂತ ಬರದದ್ದೇ ಈ ನೀಲಿ ಚಿತ್ರ. ಬಾದಾಮಿ ಎಲ್ಲಾ ಗಿಡಕ್ಕಿಂತ ಮೊದಲ ಹೂ ಬಿಡ್ತದ, ಥಂಡಿ ಇನ್ನೂ ಇದ್ದಾಗ. ಅದಕ್ಕೇ ಹುಟ್ಟಿದ ಕೂಸಿಗೆ ಆ ಗಿಡ. ಅದೇ ವರ್ಷ ಜುಲೈದಾಗ ಅಂವ ತೀರಿಕೊಂಡ. ಆರು ತಿಂಗಳಿಗೆ ತಮ್ಮನೂ ಹೋದ.

ಇಲ್ಲಿ ನಿಮಗ ಹೇಳಲೇಬೇಕಾದ ಮಾತು ಒಂದದ. ಒಂದು ವರ್ಷ ತುಂಬದ ಕೂಸು ಬಗಲಾಗ, ಗಂಡನೂ ಇಲ್ಲ, ಭಾವನೂ ಇಲ್ಲ. ಆ ಥಿಯೋನ ಹೆಂಡ್ತಿ, ಯೋ ಅಂತ ಅಕಿ ಹೆಸರು, ಮನಿ ತುಂಬ ಇದ್ದ ಆ ಚಿತ್ರಗಳನ್ನ ಮತ್ತು ಕಾಗದಗಳನ್ನ ಜ್ವಾಕಿ ಮಾಡಿ ಇಟ್ಟಳು. ಆಗ ಅವಕ್ಕ ಅಂಥ ಬೆಲಿ ಇರಲಿಲ್ಲ. ಪ್ರದರ್ಶನಕ್ಕ ಕೊಟ್ಟು, ಕಾಗದ ಪುಸ್ತಕ ಮಾಡಿಸಿ, ಜಗತ್ತಿಗೆ ಅವನ ಹೆಸರು ಗೊತ್ತಾಗೋಹಂಗ ಮಾಡಿದಾಕಿ ಅಕಿನೇ. ಈ ಬಾದಾಮಿ ಚಿತ್ರ ಮನ್ಯಾಗೇ ಉಳೀತು, ಈಗ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಮ್ಮಿನಾಗ ಅದ. ಒಂದು ಮನಿಯ ಸೊಸಿ ಇಟ್ಕೊಂಡದ್ದಕ್ಕ ಅದು ಉಳದದ, ಇವತ್ತು ನಮ್ಮ ಸೊಸಿ ಕೈಗೆ ಅದರ ನಕಲು ಬಂದದ.

ಈಗ ನಮ್ಮ ಸೊಸಿಗೂ ಏಳನೇ ತಿಂಗಳು. ಹಂಗಾಗಿ ಅಕಿ ಆರಿಸಿದ ಚಿತ್ರ ಸುಮ್ನ ಆರಿಸಿದ್ದಲ್ಲ. ಅದನ್ನ ತಿಳಕೊಂಡ ಮ್ಯಾಲ ನನಗ ಅಕಿ ಮ್ಯಾಲ ಇದ್ದ ಸಿಟ್ಟು ಅರ್ಧ ಇಳೀತು. ಇನ್ನರ್ಧ ಇಳೀಲಿಲ್ಲ.

ಯಾಕಂದ್ರ ಆ ಚಿತ್ರ ಛಂದ ಅದ ಖರೇ, ಆದರ ಅದು ಅವರ ಗಿಡ. ಅವರ ದೇಶದಾಗ ನಾಕೈದು ತಿಂಗಳು ಗಿಡ ಬರೇ ಕಟಗಿ ಆಗಿ ನಿಂತಿರ್ತದ. ಹೂ ಬಂತಂದ್ರ ಜೀವ ಬಂತು ಅಂತ ಅರ್ಥ. ಅದಕ್ಕೇ ಅವರ ಚಿತ್ರಗಾರರೆಲ್ಲ ಹಣ್ಣಿನ ಗಿಡ ಬರದ್ರ ಹೂ ಬಿಟ್ಟಾಗ ಬರದಾರ. ಮೊನೆ ಅನ್ನೋವ 1873ರಾಗ, ಪಿಸ್ಸಾರೋ ಅನ್ನೋವ 1872ರಾಗ ಹೂ ಬಿಟ್ಟ ತೋಟನೇ ಬರದ್ರು. ನಮ್ಮ ಗಿಡದ ಲೆಕ್ಕ ಬ್ಯಾರೆ. ಮಾವಿನ ಹೂವು ಯಾರು ನಿಂತು ನೋಡ್ತಾರ? ವಾಸನಿ ಬರ್ತದ, ಜೇನಹುಳ ಬರ್ತಾವ, ನಾವು 'ಈ ವರ್ಷ ಹೂ ಚಲೋ ಹಿಡದದ, ಇಬ್ಬನಿ ಬೀಳದಿದ್ರ ಸಾಕು' ಅಂತೀವಿ. ಪ್ಯಾರಲ ಹೂವಂತೂ ಎಲಿ ನಡುವ ಬಂದು ಹೋಗಿದ್ದೇ ಗೊತ್ತಾಗಂಗಿಲ್ಲ. ನಮ್ಮ ಕಡೆ ಗಿಡದ ಛಂದ ಇರೋದು ನೆರಳಿನಾಗ, ಕಾಯಿ ತೂಗೋದರಾಗ, ಗಿಳಿ ಕಚ್ಚಿದ್ದು ಕೆಳಗ ಬಿದ್ದಿರೋದರಾಗ. ಅದನ್ನ ಯಾರು ಬರದಾರ ಅಂತ ನಾ ಕೇಳ್ಲತ್ತೀನಿ.

ನಮ್ಮ ರಾಜ್ಯದಾಗ ಗಿಡಗಳನ್ನ ಪ್ರೀತಿಲೆ ಬರದ ಒಬ್ಬರು ಇದ್ರು, ರುಮಾಲೆ ಚನ್ನಬಸವಯ್ಯ. 1910ರಾಗ ಹುಟ್ಟಿ 1988ರಾಗ ತೀರಿಕೊಂಡ್ರು. ಸ್ವಾತಂತ್ರ್ಯದ ಚಳವಳಿಯೊಳಗ ಇದ್ದವರು, ರಾಜಕಾರಣನೂ ಕಂಡವರು. ಬೆಂಗಳೂರಿನ ರಸ್ತಾದ ಬಾಜೂಕ ಹೂ ಬಿಟ್ಟ ಗಿಡಗಳನ್ನ, ಗುಲ್‌ಮೊಹರ್ ಅಂಥವನ್ನ, ಗಿಡದ ಮುಂದೇ ಕೂತು ಬರದ್ರು. ಆ ಕೆಂಪು, ಆ ಹಳದಿ ನೋಡಿದ್ರ ಬಿಸಲು ಮೈಗೆ ತಾಕಿದಂಗ ಆಗ್ತದ. ಅವರ ಬಗ್ಗೆ ನಂದೇನೂ ತಕರಾರಿಲ್ಲ. ಬೆಂಗಳೂರಿಗೆ ಅದು ಬರೋಬ್ಬರಿ, ಅಲ್ಲಿ ರಸ್ತಾದ ಗಿಡ ಹಚ್ಚಿದ್ದೇ ಹೂವಿನ ಸಲುವಾಗಿ. ಆದರ ಅದನ್ನೇ ನೋಡಿ ಕಲತು ಈಗ ಎಲ್ಲಾ ಊರಾಗೂ ನಿಸರ್ಗಚಿತ್ರ ಅಂದ್ರ ಒಂದು ಗುಲ್‌ಮೊಹರ್, ಒಂದು ಹಾದಿ, ಹಾದಿ ಕೊನೀಗೆ ಒಂದು ಗುಡಿಸಲು. ಹಣ್ಣಿನಂಗಡಿ ಕ್ಯಾಲೆಂಡರಿನಾಗೂ ಅದೇ, ಬ್ಯಾಂಕಿನ ಗೋಡಿ ಮ್ಯಾಲೂ ಅದೇ.

ನಾವು ಕೋಟೆ ಕಡೇದವರು. ಥಂಡಿ ದಿನದಾಗ ಬೆಳಗ್ಗೆ ಚಿತ್ರಕಲಾ ಕಾಲೇಜಿನ ಹುಡುಗ್ರು ಹಲಿಗಿ ಹಿಡಕೊಂಡು ಕೋಟೆ ಬರೀಲಾಕ ಬರ್ತಾರ. ನಾ ವಾಕಿಂಗ್ ಹೋದಾಗ ಅವರ ಬೆನ್ನ ಹಿಂದ ನಿಂತು ನೋಡೋದು ನನಗೊಂದು ಚಟ. ಭಾಳ ಛಂದ ಬರೀತಾರ. ಬುರುಜಿನ ಕಲ್ಲು, ಕಂದಕದ ನೆರಳು, ಜಾಮಿ ಮಸೀದಿ ಗುಂಬಜುಗಳು. 1367ರ ಕಟ್ಟಡ ಅದು, ಬರೀಬೇಕಾದ್ದೇ. ಒಂದಿನ ಒಬ್ಬ ಹುಡುಗ ಬುರುಜು ಬರೀಲತ್ತಿದ್ದ. ಅವನ ಕಣ್ಣಿಗೂ ಬುರುಜಿಗೂ ನಡುವ ಒಂದು ಹುಣಸಿ ಗಿಡ ಅಡ್ಡ ಇತ್ತು. ಅದರ ಕೆಳಗ ಒಬ್ಬಾಕಿ ಚೀಲ ಹಾಸಿಕೊಂಡು ಸೀತಾಫಲ ಮಾರ್ಲತ್ತಿದ್ದಳು. ಹುಡುಗನ ಕಾಗದದ ಮ್ಯಾಲ ಬುರುಜು ಪೂರ್ತಿ ಇತ್ತು, ಹುಣಸಿ ಗಿಡ ಇಲ್ಲ, ಅಕಿ ಇಲ್ಲ.

'ಏನಪಾ, ಗಿಡ ಎಲ್ಲಿ ಹೋತು?' ಅಂದೆ.

'ಆಂಟಿ, ಗಿಡ ಅಡ್ಡ ಬರ್ತದ್ರಿ. ಬರದ್ರ ಕೋಟೆ ಮುಚ್ಚತದ' ಅಂದ.

ಅವನದೇನು ತಪ್ಪು? ಕೋಟೆ ಬರಿ ಅಂದಾರ, ಕೋಟೆ ಬರದಾನ. ಆದರ ಆ ಮಾತು ನನ್ನ ತಲಿಯೊಳಗ ಕೂತುಬಿಟ್ಟದ. ಗಿಡ ಅಡ್ಡ ಬರ್ತದ. ನಮ್ಮ ಗೌಂಡಿನೂ ಅದೇ ಮಾತು ಅಂದಾನಲ್ಲ.

ಕಲಬುರಗಿ ಚಿತ್ರಗಾರರ ಊರು ಅನ್ನೋದು ನಮಗೇ ನೆನಪಿರಂಗಿಲ್ಲ. ಪಂಡಿತ ರಂಗಮಂದಿರಕ್ಕ ನಾವೆಲ್ಲ ಹೋಗೀವಿ, ನಾಟಕ, ಸಾಲಿ ಗ್ಯಾದರಿಂಗ್ ಅಂತ. ಆ ಎಸ್.ಎಂ. ಪಂಡಿತರು ಯಾರು ಅಂತ ಮಕ್ಕಳಿಗೆ ಕೇಳಿ ನೋಡ್ರಿ. 1916ರಾಗ ಇಲ್ಲೇ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ದೇವರ ಕ್ಯಾಲೆಂಡರು ಬರದು ದೇಶಕ್ಕೆಲ್ಲ ಹೆಸರಾದವರು. ನಮ್ಮವ್ವನ ದೇವರ ಖೋಲಿಯೊಳಗ ಇದ್ದ ಕ್ಯಾಲೆಂಡರ್ ಅಂಥಾದ್ದೇ. ವರ್ಷ ಮುಗದ್ರೂ ತಗೀತಿರಲಿಲ್ಲ, ತಾರೀಖಿನ ಕಾಗದ ಹರದು ಚಿತ್ರ ಅಷ್ಟೇ ಇಟ್ಕೋತಿದ್ದಳು. ಅಂಥ ಚಿತ್ರದಾಗ ಹಣ್ಣು ಇರ್ತದ, ದೇವರ ಮುಂದ ತಾಟಿನಾಗ. ಗಿಡ ಇದ್ರ ದೇವರ ಹಿಂದ. ಅದು ದೇವರ ಚಿತ್ರ, ಹಂಗೇ ಇರಬೇಕು. ನಿಸರ್ಗಚಿತ್ರ ಬರಿಯೋರು ಭೀ ನಮ್ಮ ಊರಾಗ ದೊಡ್ಡವರು ಅದಾರ, ಚಿತ್ರಕಲಾ ಕಾಲೇಜುಗಳು ಅದಾವ. ಕೈ ಇಲ್ಲ ಅನ್ನೋ ಹಂಗಿಲ್ಲ. ಕೊಳ್ಳೋ ನಾವು ಏನು ಕೇಳ್ತೀವಿ ಅನ್ನೋದೇ ಪ್ರಶ್ನೆ.

ನಾ ಏನು ಕೇಳ್ತೀನಿ ಅಂದ್ರ, ಕಮಲಾಪುರದ ಕೆಂಪು ಬಾಳಿ ತೋಟ.

ನನ್ನ ತವರು ಕಮಲಾಪುರ ಅನ್ನೋದು ನಿಮಗೆಲ್ಲ ಗೊತ್ತದ. ಹುಮನಾಬಾದ್ ರಸ್ತಾಕ್ಕ ಸುಮಾರು 35 ಕಿಲೋಮೀಟರ್. ಮಹಾಗಾಂವ ಕ್ರಾಸ್ ದಾಟಿ ಮುಂದ ಹೋದ್ರ ಕರಿ ಭೂಮಿ ಬಿಟ್ಟು ಮಣ್ಣಿನ ಬಣ್ಣ ಕೆಂಪಿಗೆ ತಿರಗ್ತದ. ಅಲ್ಲಿಯ ಕೆಂಪು ಬಾಳಿಗೆ ಜಿ.ಐ. ಟ್ಯಾಗ್ ಸಿಕ್ಕದ, ಅಂದ್ರ ಆ ಹೆಸರು ಆ ನೆಲಕ್ಕೇ ಸೇರಿದ್ದು ಅಂತ ಸರಕಾರದ ಮುದ್ರಿ. ಸಣ್ಣವಳಿದ್ದಾಗ ನಮ್ಮಪ್ಪಂದು ಅರ್ಧ ಎಕರೆ ಬಾಳಿ ಇತ್ತು. ಊರಾಗ 'ಸಾಹುಕಾರರ ಹಣ್ಣು' ಅಂತಿದ್ರು, ಬೆಳೆಯೋರು ಸಾಹುಕಾರರಲ್ಲ, ತಿನ್ನೋರು.

ಆ ಹಣ್ಣಿನ ಬಣ್ಣ ಯಾವುದು ಅಂತ ನಾ ಎಷ್ಟೋ ಸಲ ವಿಚಾರ ಮಾಡೀನಿ. ಕುಂಕುಮದ ಕೆಂಪಲ್ಲ. ಟೊಮ್ಯಾಟೊ ಕೆಂಪು ಅಲ್ಲ. ಕಾಯಿ ಇದ್ದಾಗ ಕಪ್ಪು ಮಿಕ್ಕಿದ ಕೆಂಪು, ಬೀಟ್‌ರೂಟ್ ಹೆರೆದಿಟ್ಟಂಗ. ಹಣ್ಣಾಗ್ತ ಬಂದಂಗ ಒಳಗಿಂದ ಕೇಸರಿ ಬಣ್ಣ ಮ್ಯಾಲ ಏರ್ತದ, ಸುಟ್ಟ ಇಟ್ಟಂಗಿ ಬಿಸಲಿಗೆ ಹಿಡದಂಗ. ಸುಲಿದ್ರ ಒಳಗ ಬೆಣ್ಣಿಗೆ ಒಂದು ಚಿಟಿಕಿ ಕೇಸರಿ ಹಾಕಿದಂಗ. ಬರೇ ಹಣ್ಣಷ್ಟೇ ಅಲ್ಲ, ದಿಂಡು ಭೀ ಕೆಂಪು, ಎಲಿ ನಡುವಿನ ದಂಟು ಭೀ ಕೆಂಪು. ಸಂಜಿ ಬಿಸಲು ಎಲಿ ಹಿಂದಿಂದ ಬಂದ್ರ ಹಸರಿನ ನಡುವ ಒಂದೊಂದು ಕೆಂಪು ಗೆರಿ ಎಳದಂಗ ಕಾಣ್ತದ. ಯಾರೂ ಬರದು ತೋರಿಸಿಲ್ಲ ನನಗ, ನಾ ನೀರು ಕಟ್ಟಲಾಕ ಹೋದಾಗ ನೋಡಿದ್ದು.

ಇಲ್ಲಿ ಒಂದು ಮಾತು. ಬಾಳಿ ಗಿಡ ಅಂತೀವಿ, ಆದರ ಅದು ಕಟಗಿಯ ಗಿಡ ಅಲ್ಲ, ದೊಡ್ಡ ಮೂಲಿಕೆಯ ಜಾತಿ. ಸೇಬಿನ ಗಿಡ ಐವತ್ತು ವರ್ಷ ನಿಂದರ್ತದ, ಚಿತ್ರಗಾರ ಹೋದ ವರ್ಷ ಬರದ ಗಿಡಾನೇ ಮುಂದಿನ ವರ್ಷ ಮತ್ತ ಬರೀಬಹುದು. ಬಾಳಿ ಹಂಗಲ್ಲ. ಒಂದೇ ಗೊನಿ ಹಾಕ್ತದ, ಅಷ್ಟೇ. ಗೊನಿ ಕಡದ ಮ್ಯಾಲ ದಿಂಡೂ ಕಡೀತಾರ. ಬಾಜೂಕ ಎದ್ದ ಮರಿ ಮುಂದ ಬೆಳೀತದ. ಅದರಾಗೂ ಕೆಂಪು ಬಾಳಿ ಗೊನಿ ಕೈಗೆ ಬರಲಾಕ ಒಂದೂವರಿ ವರ್ಷ ಬೇಕು. ಎತ್ತರ ಬೆಳೀತದ, ಗೊನಿ ಭಾರಕ್ಕ ಬಾಗ್ತದ, ಆನಿ ಕೊಡಬೇಕು. ಮೃಗಶಿರಾ ಗಾಳಿ ಮಳಿ ಒಂದು ಜೋರು ಹೊಡೀತಂದ್ರ ವರ್ಷದ ಮ್ಯಾಲಿನ ದುಡಿಮಿ ಬೆಳಗಾಗೋದ್ರೊಳಗ ನೆಲಕ್ಕ. ನಮ್ಮಪ್ಪ ಅಂಥ ಒಂದು ಬೆಳಗ್ಗೆ ತೋಟದ ಬದುವಿನ ಮ್ಯಾಲ ಕೂತಿದ್ದು ನನ್ನ ಕಣ್ಣಾಗ ಅದ. ಅವ್ವ ಬಂದು ಏನೂ ಮಾತಾಡಲಿಲ್ಲ. ಮುರದ ದಿಂಡಿನಾಗಿನ ಬಲಿಯದ ಕಾಯಿ ಕಡದು ಬುಟ್ಟಿಗೆ ಹಾಕಲಾಕತ್ತಿದಳು, ಪಲ್ಯಕ್ಕರೆ ಆಗ್ತಾವ ಅಂತ. ಎಂಟು ದಿನ ಬಾಳಿಕಾಯಿ ಪಲ್ಯ ತಿಂದೀವಿ. ಓಣಿ ಮಂದಿಗೂ ಹಂಚೀವಿ.

ಇದು ಚಿತ್ರ ಅಲ್ಲೇನು? ಬಿದ್ದ ಬಾಳಿ, ಬದುವಿನ ಮ್ಯಾಲ ಒಬ್ಬ ಗಂಡಸು, ಬಗ್ಗಿದ ಹೆಣ್ಮಗಳು. ನಿಸರ್ಗಚಿತ್ರದಾಗ ಮನುಷ್ಯರನ್ನ ಬರೀತಾರ, ಆದರ ದೂರ, ಇರಿವಿಯಷ್ಟು, ತಲಿ ಮ್ಯಾಲೊಂದು ಕೊಡ ಇಟ್ಟು. ಆ ಕೊಡ ಹೊತ್ತಾಕಿ ಎಲ್ಲಿಗೆ ಹೊಂಟಾಳ ಅಂತ ಬರದವಗೂ ಗೊತ್ತಿರಂಗಿಲ್ಲ.

ಅಕಿನ್ನ ಹತ್ರ ತಂದು ಬರದವರೂ ಅದಾರ, ಅದನ್ನ ಹೇಳಬೇಕು. ಮ್ಯಾಲ ಹೇಳಿದ ಪಿಸ್ಸಾರೋನೇ 1888ರಾಗ ಎರಾಗ್ನಿ ಅನ್ನೋ ತನ್ನ ಹಳ್ಳಿಯ ಸೇಬು ಕೀಳೋ ಚಿತ್ರ ಬರದಾನ. ಅದರಾಗ ಹೂವಿಲ್ಲ. ಗಿಡದ ದೊಡ್ಡ ನೆರಳು, ಗಂಡಸು ಕೋಲಿಲೆ ಟೊಂಗಿ ಬಡೀಲತ್ತಾನ, ಹೆಣ್ಮಕ್ಕಳು ಕೆಳಗ ಬಗ್ಗಿ ಆರಿಸ್ಲತ್ತಾರ. ನಮ್ಮ ಹುಣಸಿಕಾಯಿ ಬಡಿಯೋದು ನೆನಪಾತು ನನಗ, ಬರೋಬ್ಬರಿ ಹಂಗೇ. ಬರ್ಥ್ ಮೊರಿಸೊ ಅಂತ ಒಬ್ಬ ಹೆಣ್ಮಗಳು, 1891ರಾಗ ಚೆರ್ರಿ ಗಿಡಕ್ಕ ಏಣಿ ಹಚ್ಚಿ ಹತ್ತಿದ ಹುಡುಗಿನ್ನ ಬರದಾಳ. ಏಣಿ ಮ್ಯಾಲ ನಿಂತು ಕೈ ಮ್ಯಾಲ ಚಾಚಿದಾಕಿ, ಕೆಳಗ ಬುಟ್ಟಿ ಹಿಡದಾಕಿ. ಏಣಿ ಹತ್ತಿದ ಹುಡುಗಿಗೆ ಅಕಿ ತನ್ನ ಮಗಳನ್ನೇ ನಿಲ್ಲಿಸಿ ಬರದಿದ್ದಳು. ಮೇರಿ ಕಸಾಟ್ ಅನ್ನೋ ಅಮೆರಿಕದಾಕಿ ಇನ್ನೂ ದೊಡ್ಡದು ಮಾಡಿದಳು. 1893ರಾಗ ಶಿಕಾಗೋದಾಗ ಜಗತ್ತಿನ ದೊಡ್ಡ ಪ್ರದರ್ಶನ ಆತಲ್ಲ, ವಿವೇಕಾನಂದರು ಹೋಗಿ ಭಾಷಣ ಮಾಡಿದ್ದೂ ಅದೇ ಹೊತ್ತಿನಾಗ, ಅದೇ ಊರಾಗ. ಅಲ್ಲಿ ಹೆಣ್ಮಕ್ಕಳ ಸಲುವಾಗಿ ಒಂದು ಕಟ್ಟಡ ಕಟ್ಟಿದ್ರು. ಅದರ ಗೋಡಿಗೆ ಅಕಿ ಹಣ್ಣಿನ ತೋಟ ಬರದಳು. ತೋಟ ತುಂಬ ಹೆಣ್ಮಕ್ಕಳೇ. ಹಣ್ಣು ಕೀಳ್ಲತ್ತಾರ, ಹಿರಿಯಾಕಿ ಕಿರಿಯಾಕಿ ಕೈಗೆ ಕೊಡ್ಲತ್ತಾಳ. ಇದು ವಿದ್ಯೆಯ ಹಣ್ಣು ಅಂತ ಅಕಿ ಅರ್ಥ. ಪ್ರದರ್ಶನ ಮುಗದ ಮ್ಯಾಲ ಆ ಚಿತ್ರ ಎಲ್ಲಿ ಹೋತೋ, ಇವತ್ತಿನ ತನಕ ಸಿಕ್ಕಿಲ್ಲ. ಫೋಟೋ ಅಷ್ಟೇ ಉಳದಾವ.

ನೋಡ್ರಿ, ಹೂವಿನ ಟೊಂಗಿ ಬರದ ಚಿತ್ರ ಜಗತ್ತಿನ ಎಲ್ಲಾ ಮನಿ ಗೋಡಿ ಮ್ಯಾಲ ಬಂತು, ಮೊಬೈಲಿನ ಕವರ್ ಮ್ಯಾಲ ಭೀ ಅದ. ಹಣ್ಣು ಕೀಳೋ ಹೆಣ್ಮಕ್ಕಳ ಅಷ್ಟು ದೊಡ್ಡ ಚಿತ್ರ ಕಳದೇ ಹೋತು. ಇದರಾಗ ಯಾರದಾದರೂ ಸಂಚು ಅದ ಅಂತ ನಾ ಅನ್ನಂಗಿಲ್ಲ. ಹೂವು ನೋಡಿದ್ರ ಮನಸು ತಂಪಾಗ್ತದ, ಕೆಲಸ ನೋಡಿದ್ರ ಕೆಲಸ ನೆನಪಾಗ್ತದ. ಸಂಜಿಕ ಹಾಲಿನಾಗ ಕೂತಾಗ ಯಾರಿಗೆ ಕೆಲಸ ನೆನಪಾಗಬೇಕಾಗ್ಯಾದ? ಸೊಸಿ ಭೀ ಇದೇ ಮಾತು ಅಂದಳು, 'ಅತ್ತಿ, ಚಿತ್ರದ ಗಿಡಕ್ಕ ಕಸ ಹೊಡಿಯೋದಿರಂಗಿಲ್ಲ, ಹುಳ ಬೀಳಂಗಿಲ್ಲ, ಓಣಿ ಹುಡುಗ್ರು ಕಲ್ಲು ಹೊಗಿಯಂಗಿಲ್ಲ.' ಖರೇನೇ. ಹೋದ ವರ್ಷ ಒಂದು ಕಲ್ಲಿಗೆ ಕಿಟಕಿ ಗಾಜು ಹೋತು, ಆವತ್ತು ಗಿಡಕ್ಕ ಬೈದಾಕಿ ನಾನೇ.

ಇನ್ನ ನನ್ನ ತಪ್ಪು ಹೇಳ್ತೀನಿ, ಇಲ್ಲಂದ್ರ ಸೊಸಿ ಮ್ಯಾಲ ಮಾತು ಹೊರಸಿದಂಗ ಆಗ್ತದ.

ನಮ್ಮ ಈ ಮನ್ಯಾಗ ಹಿಂದ ಒಂದು ಮಾವಿನ ಗಿಡ ಇತ್ತು. ನಮ್ಮತ್ತಿ ಹಚ್ಚಿದ್ದು. ಉಪ್ಪಿನಕಾಯಿ ಮಾವು, ನಾರು ಭಾಳ, ಹುಳಿ ಅಂದ್ರ ಹಲ್ಲು ಚಳಿ ಹಿಡೀಬೇಕು. ಓಣಿಯೊಳಗಿನ ಅರ್ಧ ಮಂದಿ ಬರಣಿಗೆ ಅದರದೇ ಕಾಯಿ. ಇಪ್ಪತ್ತೆರಡು ವರ್ಷದ ಹಿಂದ ಮಕ್ಕಳಿಗೆ ಓದಲಾಕ ಒಂದು ಖೋಲಿ ಬೇಕಂತ ನಾನೇ ಹಟ ಮಾಡಿ ಕಡಸಿದೆ. ಅತ್ತಿ ಒಂದೂ ಮಾತು ಆಡಲಿಲ್ಲ. ಕೊಡಲಿ ಹಾಕೋ ದಿನ ಬೆಳಗ್ಗೆ ಎದ್ದು ಗಿಡಕ್ಕ ಒಂದು ತಂಬಗಿ ನೀರು ಹಾಕಿ, ಶರಣಬಸವೇಶ್ವರ ಗುಡಿಗೆ ಹೋಗಿ ಸಂಜಿ ತನಕ ಅಲ್ಲೇ ಕೂತಿದ್ರು. ಮಕ್ಕಳು ಆ ಖೋಲಿಯೊಳಗೇ ಓದಿ ನೌಕ್ರಿ ಹಿಡದಾರ, ಅದೂ ಖರೇ. ತಕ್ಕಡಿಯೊಳಗ ಹಾಕಿ ತೂಗಲಾಕ ಆಗಂಗಿಲ್ಲ ಇಂಥಾವು.

ಮೊನ್ನೆ ಆ ಗಿಡದ ಫೋಟೋ ಎಲ್ಲೆರೆ ಅದ ಏನು ಅಂತ ಅಲ್ಬಮ್ ಎಲ್ಲಾ ತಗದು ನೋಡಿದೆ. ನನ್ನ ಮದುವಿ ಫೋಟೋ, ಮಗನ ಜಾವಳ, ನಾದಿನಿ ಕುಬಸ, ಎಲ್ಲಾ ಆ ಗಿಡದ ಕೆಳಗೇ ಆಗ್ಯಾವ. ಒಂದರಾಗೂ ಗಿಡ ಇಲ್ಲ. ಬುಡ ಕಾಣ್ತದ, ಸುಣ್ಣ ಹಚ್ಚಿದ್ದು. ಬಟ್ಟಿ ಒಣಾಕೋ ಹಗ್ಗ ಕಟ್ಟಿದ ಮೊಳಿ ಕಾಣ್ತದ. ಒಂದು ಫೋಟೋದಾಗ ಮಾವನವರ ರುಮಾಲಿನ ಮ್ಯಾಲ ನಾಕು ಎಲಿ. ಅಷ್ಟೇ. ಹೆಂಗ ಇತ್ತು ಆ ಗಿಡ, ಯಾವ ಕಡೆ ಬಾಗಿತ್ತು, ಎಷ್ಟು ಟೊಂಗಿ, ತೋರಿಸ್ರಿ ಅಂದ್ರ ನನ್ನ ಬಲ್ಲೆ ಏನೂ ಇಲ್ಲ. ಹುಟ್ಟೋ ಮೊಮ್ಮಗುವಿಗೆ ಹೇಳಬೇಕಂದ್ರ ಬಾಯಿಲೆ ಹೇಳಬೇಕು. ಎಲ್ಲಾ ಫೋಟೋ ತಗಿಸಿದವರು ನಾವೇ, ಗಿಡ ನಮಗ ಹಿಂದಿನ ಪರದಾ ಇದ್ದಂಗ ಇತ್ತು. ಹಂಗಿದ್ದ ಮ್ಯಾಲ ಆ ಕೋಟೆ ಮುಂದಿನ ಹುಡುಗಗ ನಾ ಯಾವ ಬಾಯಿಲೆ ಕೇಳ್ಲಿ?

ಅದಕ್ಕೇ ಫೋಟೋ ಸಾಲಂಗಿಲ್ಲ, ಬರದ ಚಿತ್ರ ಬೇಕು ಅಂತ ನಾ ಅನ್ನೋದು. ಫೋಟೋ ತಗಿಯೋವ ಒಂದು ಕ್ಷಣ ನೋಡ್ತಾನ. ಬರಿಯೋವ ಗಿಡದ ಮುಂದ ದಿನಗಟ್ಟಲೆ ಕೂಡಬೇಕು. ಯಾವ ಟೊಂಗಿ ಎಲ್ಲಿಂದ ಎದ್ದದ, ಯಾವ ಕಡೆ ಕಾಯಿ ಜಾಸ್ತಿ, ಅಳಿಲು ಎಲ್ಲಿ ಹತ್ತತದ ಅಂತ ಅವನಿಗೆ ಗೊತ್ತಾಗಲೇಬೇಕು. ನಾವು ಮೂವತ್ತು ವರ್ಷ ಕಸ ಹೊಡದು ತಿಳಕೊಂಡದ್ದನ್ನ ಅಂವ ಎಂಟು ದಿನದಾಗ ತಿಳಕೋತಾನ. ಕಮಲಾಪುರದಾಗಂತೂ ತಡಾ ಮಾಡೋ ಹಂಗಿಲ್ಲ. ನಮ್ಮಣ್ಣ ಭೀ ಈಗ ಕೆಂಪು ಬಾಳಿ ತಗದು ಜಿ-9 ಹಚ್ಯಾನ. ವರ್ಷದೊಳಗ ಗೊನಿ ಬರ್ತದ, ಗಿಡ ಗಿಡ್ಡ, ಗಾಳಿಗೆ ಬೀಳೋದು ಕಮ್ಮಿ. ಅವಂಗ ನಾ ತಪ್ಪು ಅನ್ನಲಾರೆ, ಬದುವಿನ ಮ್ಯಾಲ ಕೂತ ಅಪ್ಪನ್ನ ಅವನೂ ನೋಡ್ಯಾನ. ಬಾಜೂಕಿನ ಒಂದೆರಡು ತೋಟದಾಗ ಕೆಂಪು ಬಾಳಿ ಇನ್ನೂ ಅದ. ಎಳ್ಳ ಅಮಾಸಿಗೆ ಹೊಲಕ್ಕ ಹೋದಾಗ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ಉಂಡು, ನಾವು ಆ ಕಡೆ ತಿರಗ್ಯಾಡಿ ಬರ್ತೀವಿ. ಅಲ್ಲಿಗೆ ಒಬ್ಬ ಚಿತ್ರಗಾರ ಬಂದು ಕೂತಿದ್ದು ನಾ ಇನ್ನೂ ನೋಡಿಲ್ಲ. ಕೋಟೆ ಏಳುನೂರು ವರ್ಷ ಹತ್ರ ನಿಂತದ, ಇನ್ನೂ ನಿಂದರ್ತದ. ಬಾಳಿ ದಿಂಡು ಬರೋ ವರ್ಷ ಇರಂಗಿಲ್ಲ. ಯಾವುದು ಮೊದಲ ಬರೀಬೇಕು?

ಕೊಳ್ಳೋರ ಮಾತಿಗೆ ಬರ್ತೀನಿ. ಸೊಸಿ ಆ ನಕಲಿಗೆ ಕೊಟ್ಟ ರೊಕ್ಕ ನಾ ಇಲ್ಲಿ ಬರಿಯಂಗಿಲ್ಲ, ಅಕಿ ಓದ್ತಾಳ. ಆದರ ಅಷ್ಟೇ ರೊಕ್ಕಕ್ಕ ಸ್ವಲ್ಪ ಕೂಡಿಸಿ ಕೊಟ್ರ ನಮ್ಮ ಊರಿನ ಓದೋ ಹುಡುಗ ಒಬ್ಬ ನಮ್ಮ ಗಿಡಾನೇ ಬರದು ಕೊಡ್ತಾನ. ಮನಿ ಕಟ್ಟಲಾಕ ಲಕ್ಷಗಟ್ಟಲೆ ಹಾಕ್ತೀವಿ, ಗ್ರಾನೈಟಿಗೆ ಎಷ್ಟು, ಫಾಲ್ಸ್ ಸೀಲಿಂಗಿಗೆ ಎಷ್ಟು ಅಂತ ಚೌಕಾಶಿ ಮಾಡ್ತೀವಿ. ಗೃಹಪ್ರವೇಶಕ್ಕ ಒಬ್ಬೊಬ್ಬರು ಒಂದೊಂದು ಗೋಡಿ ಗಡಿಯಾರ ಕೊಡ್ತೀರಿ. ಹೋದ ಸಲ ಕೆಳಗಿನ ಮನಿಗೆ ಏಳು ಬಂದಿದ್ವು, ನಾಕು ಇನ್ನೂ ಅಟ್ಟದ ಮ್ಯಾಲ ಅದಾವ. ಈ ಸಲ ಗಡಿಯಾರ ತರಬ್ಯಾಡ್ರಿ ಅಂತ ಈಗೇ ಹೇಳ್ಲತ್ತೀನಿ.

ಬಾದಾಮಿ ಚಿತ್ರ ತಗಿ ಅಂತ ನಾ ಸೊಸಿಗೆ ಹೇಳಿಲ್ಲ. ಕೂಸಿನ ಖೋಲಿಯೊಳಗ ಹಾಕು, ಬರದವನೂ ಕೂಸಿಗಂತೇ ಬರದಾನ ಅಂದೀನಿ. ಅದು ಅಕಿಗೂ ಪಸಂದ ಬಂತು. ಹಾಲಿನ ಗೋಡಿ ಸದ್ಯಕ್ಕ ಖಾಲಿ ಅದ.

ಕೋಟೆ ಮುಂದಿನ ಆ ಹುಡುಗನ್ನ ಮತ್ತ ಹುಡಿಕಿದೆ, ಸಿಕ್ಕ. ಹದಿನೈದು ದಿನ ಬೆಳಗ್ಗೆ ನಮ್ಮ ಅಂಗಳಕ್ಕ ಬಾ, ನಾಷ್ಟಾ ನಂದು, ಬಣ್ಣದ ಖರ್ಚು ನಂದು, ಪ್ಯಾರಲ ಗಿಡ ಬರದು ಕೊಡು ಅಂದೆ. ಮೊದಲ ದಿನ ಬಂದಂವ ಗಿಡ ಸುತ್ತಾಡಿ ನೋಡಿ, 'ಆಂಟಿ, ಹಗ್ಗದ ಮ್ಯಾಲಿನ ಬಟ್ಟಿ ತಗೀಲೇನ್ರಿ? ನೀರಿನ ಟಾಕಿ ಭೀ ಅಡ್ಡ ಬರ್ತದ' ಅಂದ. ಬಟ್ಟಿನೂ ಇರಲಿ, ಟಾಕಿನೂ ಇರಲಿ, ಗಿಳಿ ಕಚ್ಚಿ ಕೆಳಗ ಬಿದ್ದ ಕಾಯಿನೂ ಇರಲಿ, ಅಷ್ಟೂ ಬರಿ ಅಂದೆ. ನಿಮ್ಮನ್ನೂ ಬರೀಲೇನು ಅಂದ. ನಾ ಕಸಬರಿಗಿ ಹಿಡದು ನಿಂತಿದ್ದೆ, ತಲಿ ಬಾಚಿರಲಿಲ್ಲ. ನಾಳಿ ಅಂದೆ.

ಗೌಂಡಿಗೆ ಎಳ್ಳ ಅಮಾಸಿ ತನಕ ಗಿಡ ಮುಟ್ಟಬ್ಯಾಡ ಅಂದೀನಿ. ಕಾರ್ ಓಣಿಯೊಳಗೇ ನಿಂದರ್ಲಿ ಅಂತ ನಾ, ಹೊಸ ಕಾರಿಗೆ ಗೀರು ಬೀಳ್ತದ ಅಂತ ಮಗ. ಗೇಟ್ ಎರಡು ಫೂಟ್ ಎಡಕ್ಕ ಸರಿಸಿದ್ರ ಆಗ್ತದ ಏನೋ ಅಂತ ನಮ್ಮ ಮನಿಯವರು ನಿನ್ನೆ ರಾತ್ರಿ ಟೇಪು ಹಿಡದು ಅಳೀಲತ್ತಿದ್ರು. ಸೊಸಿ ಟೇಪಿನ ಇನ್ನೊಂದು ತುದಿ ಹಿಡದಿದ್ದಳು.